ಅಕ್ಕ, ತಂಗಿ ಮತ್ತು ತುದಿಯ ಚೂರು

ಕಡಲ ಸಂಶೋಧನಾಲಯದ ನೆಲಮಾಳಿಗೆಯಲ್ಲಿ ಎರಡು ಕಬ್ಬಿಣದ ಬೀರುಗಳಿವೆ. ಎಡಗಡೆಯದರಲ್ಲಿ ಅಕ್ಕ, ಬಲಗಡೆಯದರಲ್ಲಿ ತಂಗಿ. ಹಾಗೆಂದು ಹೆಸರಿಟ್ಟವರು ಪಾಚಿರಾಯರು. ಪಾಚಿರಾಯರಿಗೆ ಆ ಹೆಸರಿಟ್ಟವರು ಮೇಲಿನ ಮೂರೂ ಮಹಡಿಯವರು.

ತಣ್ಣನೆಯ ಕಡಲಲ್ಲಿ ಬಂಡೆ ಕಚ್ಚಿಕೊಂಡು ಆಳೆತ್ತರ ಬೆಳೆಯುವ ಕಂದು ಪಾಚಿಗೆ ಕೆಲ್ಪ್ ಎನ್ನುತ್ತಾರೆ. ಒಂದು ದಂಟು, ಅದರ ಮೇಲೆ ಬೆಲ್ಟಿನಂಥ ಉದ್ದನೆಯ ಎಲೆ. ಈ ಊರಿನ ಬಂಡೆಗಳ ಮೇಲೆ ಅದರಲ್ಲಿ ಎರಡು ಬಗೆ. ನೋಡಲು ಒಂದೇ ಅಚ್ಚಿನಲ್ಲಿ ಎರಕ ಹುಯ್ದಂತೆ. ಬೇರೆ ಬೇರೆಯೆಂದು ಹೇಳಬಲ್ಲವರು ರಾಯರೊಬ್ಬರೇ. ಕಣ್ಣು ಮುಚ್ಚಿ, ದಂಟು ಮತ್ತು ಎಲೆ ಕೂಡುವ ಜಾಗವನ್ನು ಹೆಬ್ಬೆರಳಿನಿಂದ ಸವರಿ, ನಾಡಿ ಹಿಡಿದ ವೈದ್ಯರ ಹಾಗೆ ಒಂದು ‘ಹೂಂ’ ಎಂದು, ಆಮೇಲೆ ‘ತಂಗಿ’ ಎನ್ನುತ್ತಾರೆ. ಹಾಳೆಗೆ ಅಂಟಿಸಿ, ಒತ್ತಿ ಒಣಗಿಸಿ, ಕೆಳಗೆ ಸಹಿ ಹಾಕುತ್ತಾರೆ. ಮೂವತ್ತೊಂದು ವರ್ಷದಲ್ಲಿ ಹೀಗೆ ಸಾವಿರದ ಇನ್ನೂರು ಹಾಳೆ.

ನಿವೃತ್ತಿಗೆ ಇನ್ನು ಮೂರು ತಿಂಗಳು ಎನ್ನುವಾಗ ದೂರದ ಪಂಡಿತರೊಬ್ಬರು ಬರೆದರು: ಇವೆರಡೂ ಒಂದೇ, ಅಲೆಯ ಹೊಡೆತ ಹೆಚ್ಚಿದ್ದಲ್ಲಿ ಒಂದು ರೂಪ, ಕಡಿಮೆಯಿದ್ದಲ್ಲಿ ಇನ್ನೊಂದು. ನಿರ್ದೇಶಕರು ರಾಯರನ್ನು ಕರೆದು, “ಡಿಎನ್‌ಎ ನೋಡಿಸಿಬಿಡೋಣ. ಒಂದೇ ಅಂತ ಬಂದ್ರೆ ಎರಡು ಬೀರು ಯಾಕೆ, ಒಂದು ಸಾಕಲ್ವಾ?” ಎಂದರು. ಪಾಪ, ಅವರು ಆಡಿದ್ದು ಜಾಗ ಉಳಿಸುವ ಮಾತು. ರಾಯರಿಗೆ ಮಾತ್ರ ‘ಮೂವತ್ತೊಂದು ವರ್ಷ ಕೂತು ನೀರು ಕಡೆದಿರಿ’ ಎಂದಂತಾಯಿತು.

ಪರೀಕ್ಷೆ ನಡೆಯುವುದು ಮೂರನೇ ಮಹಡಿಯಲ್ಲಿ. ಅದರ ಉಸ್ತುವಾರಿ ರಾಯರ ನಾದಿನಿಯದೇ.

“ಭಾವ, ಇಪ್ಪತ್ತು ಹಾಳೆಯಿಂದ ಒಂದೊಂದು ಚೂರು ಕೊಡಿ. ಉಗುರಷ್ಟು ಸಾಕು.”

“ಯಾರ ಉಗುರು?”

“ನಿಮ್ಮ ಕಿರುಬೆರಳಿಂದು. ಜಿಪುಣತನ ಮಾಡ್ಬೇಡಿ.”

ರಾಯರು ಅದನ್ನೇ ಮಾಡಿದರು. ಆ ಹಾಳೆಗಳಿಗೆ ಕತ್ತರಿ ತಾಗಿಸುವುದೆಂದರೆ ಅವರ ಕರುಳಿಗೇ ತಾಗಿಸಿದಂತೆ. ಹತ್ತು ಅಕ್ಕ, ಹತ್ತು ತಂಗಿ ಆರಿಸಿ, ಎಲೆಯ ತೀರ ತುದಿಯಲ್ಲಿ ಮೊದಲೇ ಚಿಂದಿಯಾಗಿದ್ದ ಭಾಗದಿಂದ ಅಕ್ಕಿಕಾಳಿನಷ್ಟು ಕತ್ತರಿಸಿ ಕೊಟ್ಟರು. ಹೇಗಿದ್ದರೂ ಹರಿದದ್ದು, ಹೋದರೆ ಹೋಗಲಿ ಎಂದು.

ಹದಿನೈದು ದಿನ ಬಿಟ್ಟು ನಾದಿನಿ ಕೆಳಗಿಳಿದು ಬಂದಳು, ನಗದೆ. ಅವಳು ನಗದೆ ಬಂದಳೆಂದರೆ ಕೇಳುವುದೇ ಬೇಡ.

“ಇಪ್ಪತ್ತೂ ಒಂದೇ ಭಾವ. ಡಿಎನ್‌ಎ ಅಂದ್ರೆ ನಾಲ್ಕೇ ಅಕ್ಷರದಲ್ಲಿ ಬರೆದ ಉದ್ದ ಸಾಲು, ನಿಮಗೆ ಗೊತ್ತಲ್ಲ. ಆರುನೂರು ಅಕ್ಷರ ಓದಿದ್ವಿ. ಒಂದೂ ವ್ಯತ್ಯಾಸ ಇಲ್ಲ.”

“ಒಂದೂ?”

“ಒಂದೂ.”

ಅಂದು ರಾಯರು ಊಟದ ತಟ್ಟೆಯ ಮುಂದೆ ಕುಳಿತವರು ಕುಳಿತೇ ಇದ್ದರು. “ಒಂದು ಬೀರು ಖಾಲಿ ಆಗತ್ತಲ್ಲ, ಮನೆಗೆ ತಂದ್ಬಿಡಿ. ಹೊದಿಕೆ ಇಡೋಕೆ ಜಾಗ ಇಲ್ಲ” ಎಂದರು ಹೆಂಡತಿ. ಅವರು ಸಮಾಧಾನ ಹೇಳುವ ರೀತಿಯೇ ಅದು.

“ಸಹಿ ಹಾಕಿದೀನಿ ಕಣೇ,” ಎಂದರು ರಾಯರು. “ಸಾವಿರದ ಇನ್ನೂರು ಸಲ.”

ಆಕೆ ಬೀರುವಿನ ಮಾತು ಬಿಟ್ಟು, ಆರಿದ ಸಾರನ್ನು ಬಿಸಿಮಾಡಲು ಎದ್ದರು.

ಮರುದಿನ ಬೆಳಿಗ್ಗೆ ರಾಯರು ಅಷ್ಟೂ ಲೇಬಲ್ಲುಗಳನ್ನು ತಿದ್ದುವುದು ಹೇಗೆಂದು ತಲೆ ಮೇಲೆ ಕೈಹೊತ್ತು ಕೂತಿದ್ದಾಗ ಮೆಟ್ಟಿಲ ಮೇಲೆ ದಡದಡ ಸದ್ದಾಯಿತು.

“ಭಾವ! ಚೂರು ಎಲ್ಲಿಂದ ಕತ್ತರಿಸಿದ್ರಿ?”

“ಎಲೆಯಿಂದ.”

“ಎಲೇಲಿ ಎಲ್ಲಿಂದ?”

“ತುದಿಯಿಂದ.”

“ತುದಿ!” ನಾದಿನಿ ಹಣೆ ಚಚ್ಚಿಕೊಂಡಳು. “ನಾವು ಓದಿದ್ದು ಕೆಲ್ಪೇ ಅಲ್ಲ ಭಾವ. ಇವತ್ತು ಬೇರೆ ಪಾಚಿಗಳ ಪಟ್ಟಿ ಜೊತೆ ತಾಳೆ ಹಾಕಿದೆ. ಕೆಲ್ಪಿನ ಮೇಲೆ ಕೂತು ಬೆಳೆಯೋ ಒಂದು ಪುಟಾಣಿ ಪಾಚಿ ಅದು. ಬಾಡಿಗೆಯವನನ್ನ ಹಿಡಿದು ಮನೆ ಯಜಮಾನನ ಜಾತಕ ಬರೆದಿದೀವಿ!”

ಮರಗಿಡಗಳು ತುದಿಯಲ್ಲಿ ಚಿಗುರುತ್ತವೆ. ಕೆಲ್ಪಿನ ಎಲೆ ಹಾಗಲ್ಲ. ದಂಟಿಗೆ ಕೂಡುವಲ್ಲಿ ಹೊಸತು ಹುಟ್ಟಿ ಹಳತನ್ನು ಮುಂದಕ್ಕೆ ತಳ್ಳುತ್ತದೆ. ತುದಿಯೆಂದರೆ ಸವೆದ ಮುದಿ ಭಾಗ, ಕಂಡಕಂಡ ಜೀವಿಗಳ ಬಿಡಾರ. ನೋಡಲು ಬರುವ ಶಾಲೆಮಕ್ಕಳಿಗೆಲ್ಲ ಇದನ್ನು ಕೈಯಾಡಿಸಿ ವಿವರಿಸುವವರು ಸ್ವತಃ ರಾಯರು.

“ನಂಗೆ ಗೊತ್ತಿತ್ತು,” ಎಂದರು ಮೆಲ್ಲಗೆ.

“ಗೊತ್ತಿದ್ದೂ?”

“ಹೇಗೂ ಹರಿದಿತ್ತು ಅಂತ...”

ಈ ಸಲ ನಾದಿನಿ ಪಕ್ಕದಲ್ಲೇ ನಿಂತಳು. ಇಷ್ಟು ವರ್ಷ ಹೆಬ್ಬೆರಳು ಸವರಿದ ಜಾಗದ ಅಂಚಿಗೇ ಕತ್ತರಿ ಇಡಬೇಕು. ಮೊದಲ ಮೂರು ಹಾಳೆಯಿಂದ ಮತ್ತೆ ಅಕ್ಕಿಕಾಳಿನಷ್ಟೇ ಬಂತು. “ಇನ್ನೂ ಸ್ವಲ್ಪ ದೊಡ್ಡದು ಭಾವ, ನಾನೇನು ನಿಮ್ಮ ಕಿವಿ ಕೊಡಿ ಅಂತಿಲ್ಲ” ಎಂದಳು ಆಕೆ. ನಾಲ್ಕನೆಯದರಿಂದ ಕತ್ತರಿ ದಾರಿಗೆ ಬಂತು.

ಮತ್ತೆ ಹದಿನೈದು ದಿನ. ರಾಯರಿಗೆ ತಮ್ಮ ಸಹಿ ಕಂಡರೇ ಭಯ. ಹಾಜರಿ ಪುಸ್ತಕಕ್ಕೂ ಹಾಕದೆ, ಬೆಳಿಗ್ಗೆಯಿಂದ ಸಂಜೆವರೆಗೆ ಕುರ್ಚಿಯಲ್ಲಿ ಕೂತೇ ಎರಡು ದಿನ ಗೈರುಹಾಜರಾದರು.

ಕೊನೆಗೆ ಮೂರನೇ ಮಹಡಿಯಿಂದ ಕರೆ ಬಂತು. ಪರದೆಯ ಮೇಲೆ ವಂಶವೃಕ್ಷದಂತೆ ಕವಲೊಡೆದ ಗೆರೆಗಳು, ತುದಿಯಲ್ಲಿ ಎರಡು ಗೊಂಚಲು.

“ಆರುನೂರರಲ್ಲಿ ಹದಿನಾಲ್ಕು ಅಕ್ಷರ ಬೇರೆ ಭಾವ. ಪ್ರತಿ ಸಲವೂ ಅದೇ ಹದಿನಾಲ್ಕು. ಅಕ್ಕ ಬೇರೆ, ತಂಗಿ ಬೇರೆ.”

ರಾಯರು ಉಸಿರು ಬಿಟ್ಟ ಸದ್ದಿಗೆ ಆಚೆ ಮೇಜಿನವರು ಕಿಟಕಿಯ ಕಡೆ ನೋಡಿದರು.

“ಪೂರ್ತಿ ಕೇಳಿ. ಹದಿಮೂರನೇ ಹಾಳೆ ನೀವು ಅಕ್ಕ ಅಂದಿದ್ರಿ. ಅದು ತಂಗಿ ಗೊಂಚಲಲ್ಲಿ ಹೋಗಿ ಕೂತಿದೆ.”

ಹದಿಮೂರನೆಯದು ಅಂತಿಂಥದ್ದಲ್ಲ. ‘ಅಕ್ಕನೆಂದರೆ ಹೀಗಿರಬೇಕು’ ಎಂದು ರಾಯರು ತಾವು ಬರೆದ ಕೆಲ್ಪ್ ಕೈಪಿಡಿಯ ಮುಖಪುಟಕ್ಕೇ ಹಾಕಿಸಿದ್ದ ಹಾಳೆ.

“ಇಪ್ಪತ್ತಕ್ಕೆ ಹತ್ತೊಂಬತ್ತು!” ರಾಯರು ಎದ್ದುನಿಂತರು. “ಶಾಲೇಲಿ ಯಾವತ್ತೂ ಇಷ್ಟು ಬಂದಿರ್ಲಿಲ್ಲ ಕಣಮ್ಮ.”

“ಮತ್ತೆ ಮುಖಪುಟ?”

“ಹಾಳಾಗ್ಲಿ ಬಿಡು.” ಒಂದು ಕ್ಷಣ ಬೆರಳು ಮಡಿಚಿ ಎಣಿಸಿದರು. “ಇಪ್ಪತ್ತಕ್ಕೊಂದು ತಪ್ಪಾದ್ರೆ ಒಟ್ಟು ಅರವತ್ತು. ಆ ಅರವತ್ತು ಯಾವುವು ಅಂತ ಹೆಬ್ಬೆರಳಿಗೆ ಗೊತ್ತಾಗಲ್ಲ. ಉಳಿದದ್ದನ್ನೂ ನೋಡ್ತೀಯಾ?”

“ಸಾವಿರದ ನೂರ ಎಂಬತ್ತು ಹಾಳೆ! ನೀವು ರಿಟೈರ್ ಆಗೋದು ಯಾವಾಗ ಭಾವ?”

“ಎರಡು ತಿಂಗಳಿದೆ. ದಿನಕ್ಕೆ ಮೂವತ್ತು ಕತ್ತರಿಸ್ತೀನಿ. ಉಗುರಷ್ಟೇ,” ಎಂದರು ರಾಯರು, “ಹೆಬ್ಬೆರಳಿಂದು.”