ನೋಡಬೇಡ ಎಂದ ಮುಳ್ಳು

ಹೊಳೆನರಸೀಪುರದ ಸುತ್ತಮುತ್ತ ಹಳೆಯ ಗಾಡಿ ಇಟ್ಟುಕೊಂಡವರಿಗೆಲ್ಲ ಚಲುವನಾರಾಯಣ ಗೊತ್ತು. ಎಂಜಿನ್ ಕೆಟ್ಟರೆ ಜನ ಗ್ಯಾರೇಜಿಗೆ ಹೋಗುತ್ತಿದ್ದರು, ಡ್ಯಾಶ್‌ಬೋರ್ಡಿನ ಮೀಟರು ಕೆಟ್ಟರೆ ಇವನ ಅಂಗಡಿಗೆ ಬರುತ್ತಿದ್ದರು. ಚನ್ನರಾಯಪಟ್ಟಣದ ತೆಂಗಿನಕಾಯಿ ಲಾರಿಗಳು, ಅರಕಲಗೂಡಿನ ಕಡೆಯ ಜೀಪುಗಳು, ನಂಬರ್ ಪ್ಲೇಟಿನ ಬಣ್ಣವೇ ಹೋಗಿದ್ದ ಟ್ರ್ಯಾಕ್ಟರುಗಳು ಅವನ ಬಾಗಿಲಲ್ಲಿ ನಿಂತಿರುತ್ತಿದ್ದವು.

ಅವನದು ದೇವಸ್ಥಾನದ ಪೂಜೆಯ ಮನೆತನ. ಅಣ್ಣಂದಿರಲ್ಲಿ ಒಬ್ಬರು ಸರದಿಯ ಪೂಜೆ ನೋಡಿಕೊಂಡರು, ಇನ್ನೊಬ್ಬರು ಹಾಸನದಲ್ಲಿ ಕಾಲೇಜು ಮೇಷ್ಟ್ರಾದರು. ಇವನು ಮಾತ್ರ ಮಂತ್ರಕ್ಕೂ ಕೂರಲಿಲ್ಲ, ಓದಿಗೂ ಕೂರಲಿಲ್ಲ. ಹಾಸನದ ಒಂದು ವಾಚ್ ಅಂಗಡಿಯಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತ. ಕೈಗಡಿಯಾರ ಕೆಟ್ಟರೆ ಎಸೆದು ಹೊಸದು ಕೊಳ್ಳುವ ಕಾಲ ಬಂದು ಆ ಅಂಗಡಿ ಮುಚ್ಚಿದಾಗ ಊರಿಗೆ ಬಂದು ಗಾಡಿಗಳ ಮೀಟರು ಬಿಚ್ಚಲು ಶುರುಮಾಡಿದ. ಅಷ್ಟು ಗಾಡಿಗಳ ಮುಂದೆ ಬೋರಲು ಬಿದ್ದು ಕೆಲಸ ಮಾಡಿದವನಿಗೆ ಗಾಡಿ ಓಡಿಸಲು ಮಾತ್ರ ಬರುತ್ತಿರಲಿಲ್ಲ. ಸ್ಟೀರಿಂಗ್ ಹಿಡಿದರೆ ಕೈ ಬೆವರುತ್ತಿತ್ತು. ಹೆಂಡತಿ ಕನಕಲಕ್ಷ್ಮಿ ಹೈಸ್ಕೂಲಿನಲ್ಲಿ ಲೆಕ್ಕದ ಮೇಡಂ. ಮನೆಯಲ್ಲಿದ್ದ ಸ್ಕೂಟರ್ ಅವಳದು, ಎಲ್ಲಿಗೆ ಹೋಗುವುದಿದ್ದರೂ ಇವನು ಹಿಂದೆ ಕೂರುತ್ತಿದ್ದ.

ತನ್ನ ಕೆಲಸದ ಬಗ್ಗೆ ಅವನಿಗೆ ಒಂದು ಹೆಮ್ಮೆಯಿತ್ತು. "ಮುಳ್ಳು ಸುಳ್ಳು ಹೇಳ್ತಿದೆಯೋ, ಎಂಜಿನ್ನಿಗೇ ಕಷ್ಟ ಬಂದಿದೆಯೋ, ಅದು ಮೊದಲು ಗೊತ್ತಾಗ್ಬೇಕು. ಆಮೇಲೆ ಸ್ಕ್ರೂ ಡ್ರೈವರ್ ಮುಟ್ಟಬೇಕು," ಅನ್ನುತ್ತಿದ್ದ. ಅವನು ಹೇಳಿದ್ದು ತಪ್ಪಿದ್ದು ಯಾರಿಗೂ ನೆನಪಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಹಳ್ಳಿಮೈಸೂರಿನ ದೇವರಾಜ್ ತನ್ನ ಹಳೇ ವ್ಯಾನು ತಂದು ಅಂಗಡಿಯ ಮುಂದೆ ನಿಲ್ಲಿಸಿದ. ಮೂಗು ಮೋಟಾದ, ಎಂಜಿನ್ ಒಳಗೇ ಇರುವ ಜಾತಿಯ ವ್ಯಾನು ಅದು. ಡ್ರೈವರ್ ಪಕ್ಕದಲ್ಲೇ ಎಂಜಿನ್ ಕೂತಿರುತ್ತದೆ, ಅದರ ಮೇಲೊಂದು ತಗಡಿನ ಮುಚ್ಚಿಗೆ, ಆ ಮುಚ್ಚಿಗೆಯೇ ಒಂದು ಸೀಟು. ಒಳಗೆ ಎಂಟು ಹತ್ತು ಜನ ಹೆಂಗಸರು. ಎಲ್ಲ ಸೋಬಾನೆ ಹಾಡುವವರು. ಮಲ್ಲಿಪಟ್ಟಣದ ಮದುವೆ ಮನೆಯಲ್ಲಿ ಸಂಜೆ ಹಸೆಗೆ ಕರೆಯುವ ಹೊತ್ತಿಗೆ ಅವರು ಅಲ್ಲಿರಬೇಕಿತ್ತು. ಎಂಜಿನ್ ಮುಚ್ಚಿಗೆಯ ಮೇಲೆ ಮಡಿಸಿದ ಕಂಬಳಿ ಹಾಕಿಕೊಂಡು ಕೂತಿದ್ದವಳು ದೇವರಾಜನ ತಾಯಿ ಸುಬ್ಬಮ್ಮ. ಆ ತಂಡಕ್ಕೆ ಮುಂದಾಳು ಅವಳೇ.

"ಎಲ್ಡು ಮುಳ್ಳೂವೆ ಒಟ್ಗೇ ಮ್ಯಾಕ್ಕೋಯ್ತವೆ ಸಾ," ಅಂದ ದೇವರಾಜ್. "ಡೀಸೆಲ್ ಅರ್ಧ ಟ್ಯಾಂಕೂ ಇಲ್ಲ, ಫುಲ್ ತೋರುಸ್ತದೆ. ಎಂಜಿನ್ ಈಟಿಂದು ಕೆಂಪು ಗೀಟೇ ಮುಟ್ಬುಡ್ತದೆ. ದಾರೀಲಿ ಮೂರ್ ಕಿತಾ ನಿಲ್ಸುದ್ನಿ. ಇಂಗಾದ್ರೆ ಮಲ್ಲಿಪಟ್ಣ ಸೇರಾದ್ ಯಾವಾಗ?"

ಎರಡೂ ಒಟ್ಟಿಗೆ ಅನ್ನುವ ಮಾತಿನಲ್ಲೇ ಚಲುವನಾರಾಯಣನಿಗೆ ಅರ್ಧ ಉತ್ತರ ಸಿಕ್ಕಿತು. ಡೀಸೆಲ್ ಟ್ಯಾಂಕಿಗೂ ಎಂಜಿನ್ನಿನ ಬಿಸಿಗೂ ಸಂಬಂಧವಿಲ್ಲ. ಎರಡಕ್ಕೂ ಒಂದೇ ರೋಗ ಬಂದಿದೆಯೆಂದರೆ ಅದು ಎರಡಕ್ಕೂ ಸೇರಿದ ಜಾಗದಲ್ಲಿರಬೇಕು. ಮೀಟರುಗಳ ಹಿಂದೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಡಬ್ಬಿ ಇರುತ್ತದೆ. ಬ್ಯಾಟರಿಯ ಕರೆಂಟನ್ನು ತಗ್ಗಿಸಿ ಎರಡು ಮುಳ್ಳಿಗೂ ಹದವಾಗಿ ಹಂಚುವುದು ಅದೇ. ಅದು ಕೆಟ್ಟರೆ ಎರಡೂ ಮುಳ್ಳು ನೆಗೆಯುತ್ತವೆ.

ಆದರೂ ನಿಯಮ ಬಿಡಲಿಲ್ಲ. ಟ್ಯಾಂಕಿಗೆ ಕಡ್ಡಿ ಇಳಿಸಿ ನೋಡಿದ, ಡೀಸೆಲ್ ಅರ್ಧಕ್ಕಿಂತ ಕೆಳಗಿತ್ತು. ಗಾಡಿಯ ಕೆಳಗೆ ಕೈ ತೂರಿಸಿ ರೇಡಿಯೇಟರಿನ ಮೇಲ್ತುದಿಗೆ ಹೋಗುವ ರಬ್ಬರ್ ಪೈಪು ಹಿಡಿದ. ಉಗುರು ಬೆಚ್ಚಗಿತ್ತು. ಕೆಂಪು ಗೀಟು ಮುಟ್ಟಿದ ಎಂಜಿನ್ನಿನ ಪೈಪು ಹೀಗೆ ಹಿಡಿಯಲು ಬರುವುದೇ ಇಲ್ಲ. ಉಳಿದದ್ದು ರೇಡಿಯೇಟರಿನ ಮುಚ್ಚಳ ತೆಗೆದು ನೀರು ನೋಡುವುದು. ಅದು ಇದ್ದದ್ದು ಸುಬ್ಬಮ್ಮ ಕೂತಿದ್ದ ಮುಚ್ಚಿಗೆಯ ಅಡಿಯಲ್ಲಿ.

"ಏಳ್ಬೇಕಾ ಅಯ್ನೋರೇ?" ಅಂದಳು ಸುಬ್ಬಮ್ಮ, ಎರಡೂ ಮಂಡಿ ಹಿಡಿದುಕೊಂಡು. "ಕೂತ್ರೆ ಏಳಕ್ಕಾಗಾಕಿಲ್ಲ, ಎದ್ರೆ ಕೂರಕ್ಕಾಗಾಕಿಲ್ಲ. ಈ ಬಿಸೀಗೇ ವಸಿ ನೋವು ಕಮ್ಮಿಯಾಗದು."

"ಬೇಡಿ ಅಮ್ಮಾ, ಕೂತ್ಕೊಳ್ಳಿ," ಅಂದುಬಿಟ್ಟ.

ಡ್ಯಾಶ್‌ಬೋರ್ಡ್ ಬಿಚ್ಚಿದಾಗ ಅವನ ಊಹೆ ನಿಜವಾಯಿತು. ಡಬ್ಬಿಯನ್ನು ಗಾಡಿಯ ತಗಡಿಗೆ ಬಿಗಿದಿದ್ದ ಸ್ಕ್ರೂ ತುಕ್ಕು ಹಿಡಿದು ಸಡಿಲವಾಗಿತ್ತು. ಕರೆಂಟು ವಾಪಸ್ ಹೋಗುವ ಅರ್ತ್ ಸಿಗದೆ ಡಬ್ಬಿ ಕೆಲಸವನ್ನೇ ಮಾಡುತ್ತಿರಲಿಲ್ಲ. ತುಕ್ಕು ಕೆರೆದು, ಹೊಸ ಸ್ಕ್ರೂ ಹಾಕಿ ಬಿಗಿದ. ದೇವರಾಜ್ ಎಂಜಿನ್ ಶುರುಮಾಡಿದ. ಡೀಸೆಲ್ ಮುಳ್ಳು ನಿಧಾನವಾಗಿ ಅರ್ಧಕ್ಕಿಂತ ಕೆಳಗೆ ಬಂದು ನಿಂತಿತು. ಹೀಟಿನ ಮುಳ್ಳು ಕೆಂಪು ಬಿಟ್ಟು ಸ್ವಲ್ಪ ಇಳಿಯಿತು, ಮುಕ್ಕಾಲಿನ ಹತ್ತಿರ ನಿಂತಿತು.

"ಇದ್ಯಾಕ್ ಸಾ ಇಳೀನಿಲ್ಲ?"

"ಇಳಿಯುತ್ತೆ ಕಣಪ್ಪ. ಇಷ್ಟು ದಿನ ಜಾಸ್ತಿ ಕರೆಂಟ್ ಕುಡಿದಿದೆ, ಸ್ವಲ್ಪ ಹಿಡ್ಕೊಂಡಿರುತ್ತೆ. ನಾಳೆ ವಾಪಸ್ ಬರುವಾಗ ನಿಲ್ಲಿಸು, ಆ ಮೀಟರನ್ನೂ ಬಿಚ್ಚಿ ನೋಡ್ತೀನಿ. ಅಲ್ಲಿವರೆಗೂ ಅದನ್ನ ನೋಡ್ಲೇಬೇಡ."

ಹೆಂಗಸರು ಹಾಡು ಎತ್ತಿಕೊಂಡರು. ವ್ಯಾನು ಅರಕಲಗೂಡಿನ ರಸ್ತೆಗೆ ತಿರುಗಿತು.

ಚಲುವನಾರಾಯಣ ಕೈ ತೊಳೆಯಲು ಬಕೆಟ್ಟಿನ ಹತ್ತಿರ ಬಂದ. ವ್ಯಾನು ನಿಂತಿದ್ದ ಜಾಗದಲ್ಲಿ ಮಣ್ಣು ಒದ್ದೆಯಾಗಿತ್ತು. ಎಣ್ಣೆಯಿರಬೇಕೆಂದು ಬೆರಳಿಟ್ಟ. ನೀರು. ಬಿಸಿ ನೀರು.

ಬೆರಳನ್ನು ಹಾಗೇ ಹಿಡಿದುಕೊಂಡು ನಿಂತ. ಡಬ್ಬಿ ಎರಡು ಮುಳ್ಳಿಗೂ ಒಂದೇ. ಡೀಸೆಲ್ಲಿನ ಮುಳ್ಳು ಸರಿಹೋಯಿತೆಂದರೆ ಹೀಟಿನದೂ ಸರಿಹೋಗಿದೆ. ಹಾಗಿದ್ದರೆ ಅದು ತೋರಿಸಿದ ಮುಕ್ಕಾಲು ಸುಳ್ಳಲ್ಲ, ನಿಜ. ನೆರಳಿನಲ್ಲಿ ಅಷ್ಟು ಹೊತ್ತು ಆರಿದ ಎಂಜಿನ್ ಶುರುಮಾಡಿದ ಕೂಡಲೇ ಮುಕ್ಕಾಲು ತೋರಿಸಿದೆ. ಮತ್ತೆ ಆ ಪೈಪು ಬೆಚ್ಚಗೆ ಮಾತ್ರ ಇದ್ದದ್ದು ಹೇಗೆ? ಅದರೊಳಗೆ ನೀರಿದ್ದರೆ ತಾನೇ ಬಿಸಿಯಾಗುವುದು! ನೀರು ಎಲ್ಲಿಂದಲೋ ಸೋರಿ ಪೈಪಿಗಿಂತ ಕೆಳಗೆ ಇಳಿದಿತ್ತು. ಒಂದು ಕೆಡುಕನ್ನು ಕಂಡುಹಿಡಿದ ಖುಷಿಯಲ್ಲಿ ಅದರ ಮರೆಯಲ್ಲಿ ನಿಂತಿದ್ದ ಇನ್ನೊಂದನ್ನು ಅವನು ನೋಡಿಯೇ ಇರಲಿಲ್ಲ.

ಅವನ ಕಣ್ಣ ಮುಂದೆ ಬಂದದ್ದು ಎಂಜಿನ್ ಅಲ್ಲ, ಕಂಬಳಿಯ ಮೇಲೆ ಕೂತಿದ್ದ ಸುಬ್ಬಮ್ಮ.

ಫೋನ್ ತೆಗೆದು ದೇವರಾಜನಿಗೆ ಹಚ್ಚಿದ. ರಿಂಗಾಯಿತು, ಎತ್ತಲಿಲ್ಲ. ಇನ್ನೊಮ್ಮೆ. ಎತ್ತಲಿಲ್ಲ. ಆ ಹಾಡಿನ ಗದ್ದಲದಲ್ಲಿ ಯಾರಿಗೆ ಕೇಳೀತು? ಅರಕಲಗೂಡು ರಸ್ತೆಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದ ಚಿಕ್ಕಯ್ಯ ನೆನಪಾದ.

"ಚಿಕ್ಕಯ್ಯಾ, ಹಳ್ಳಿಮೈಸೂರು ದೇವರಾಜನ ವ್ಯಾನು ಬರ್ತಿದೆ. ರಸ್ತೆಗೆ ಅಡ್ಡ ನಿಂತಾದ್ರೂ ನಿಲ್ಸು!"

"ಈಗ್ ತಾನೇ ಓಯ್ತಲ್ಲಾ ಸಾ. ಪದ ಏಳ್ಕಂಡು ಓದ್ರು. ಯಾಕ್ ಸಾ, ಏನಾಯ್ತು?"

ಉತ್ತರ ಹೇಳಲು ನಿಲ್ಲಲಿಲ್ಲ. ಅಂಗಡಿಯ ಹಿಂದೆಯೇ ಮನೆ. "ಕನಕಾ!" ಎಂದು ಕೂಗಿದ ಕೂಗಿಗೆ ಅವಳು ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಅವನ ಮುಖ ನೋಡಿ ಏನೂ ಕೇಳದೆ ಕೈ ಒರೆಸಿಕೊಂಡು ಸ್ಕೂಟರ್ ತೆಗೆದಳು. ಅವನು ನೀರಿನ ಕ್ಯಾನನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತ.

"ಎಷ್ಟು ದೂರ ಹೋಗಿರ್ಬಹುದು?"

"ಗೊತ್ತಿಲ್ಲ. ಜೋರಾಗಿ ಓಡಿಸು."

"ಏನಾಗಿದೆ ಅದಾದ್ರೂ ಹೇಳ್ರೀ."

"ನೋಡಬೇಡ ಅಂತ ನಾನೇ ಹೇಳ್ಬಿಟ್ಟೆ ಕಣೇ." ಒಂದು ಕೈಯಲ್ಲಿ ಕ್ಯಾನ್ ಅವುಚಿಕೊಂಡು, ಇನ್ನೊಂದು ಕೈಯಲ್ಲಿ ಮತ್ತೆ ಮತ್ತೆ ಅದೇ ನಂಬರ್ ಒತ್ತುತ್ತಿದ್ದ. ಪ್ರತಿ ತಿರುವಿನಲ್ಲೂ ಹೊಗೆ ಕಾಣುತ್ತದೇನೋ ಎಂದು ಹೆಂಡತಿಯ ಭುಜದ ಮೇಲಿಂದ ಕತ್ತು ಚಾಚುತ್ತಿದ್ದ. ಎದುರಿನಿಂದ ಬಂದ ಬಸ್ಸಿನ ಡ್ರೈವರಿಗೆ ಕೈ ಬೀಸಿ ಕೇಳಿದ. ಅವನಿಗೆ ಅರ್ಥವಾಗದೆ ತಲೆ ಆಡಿಸಿಕೊಂಡು ಹೋದ.

ವ್ಯಾನಿನೊಳಗೆ ಆಗ ನಡೆದದ್ದು ಅವನಿಗೆ ಗೊತ್ತಾದದ್ದು ಆಮೇಲೆ. ಮುಳ್ಳು ಮತ್ತೆ ಕೆಂಪು ಮುಟ್ಟಿತ್ತು. ದೇವರಾಜ್ ಕಂಡೂ ಕಾಣದ ಹಾಗಿದ್ದ. ಮೀಟರ್ ಅಯ್ನೋರು ಹೇಳಿದ ಮೇಲೆ ಮುಗಿಯಿತು. ಕೂತ ಜಾಗ ಎಂದಿಗಿಂತ ಹೆಚ್ಚು ಕಾದದ್ದು ಸುಬ್ಬಮ್ಮನಿಗೂ ಗೊತ್ತಾಗಿತ್ತು. "ಇವತ್ತು ಮಂಡಿಗೆ ಸಂದಾಕದೆ ಕಣ್ಲಾ," ಅಂದು ಕಂಬಳಿಯನ್ನು ಇನ್ನೊಂದು ಮಡಿಕೆ ಮಡಿಸಿಕೊಂಡು ಹಾಡು ಮುಂದುವರಿಸಿದ್ದಳು.

ಒಂದು ಏರಿನಲ್ಲಿ ಎಂಜಿನ್ ಎಳೆಯಲಾರದೆ ತಿಣುಕಿತು. ರಬ್ಬರ್ ಸುಟ್ಟ ವಾಸನೆ ಬಂತು. ದೇವರಾಜ್ ಗಾಡಿಯನ್ನು ಪಕ್ಕಕ್ಕೆ ಹಾಕಿ ಆಫ್ ಮಾಡಿದ. ಹಾಡು ನಿಂತಿತು. ಹಿಂದಿನ ಹೆಂಗಸರು ದಡಬಡ ಇಳಿದರು. ಸುಬ್ಬಮ್ಮ ಮಂಡಿ ಹಿಡಿದುಕೊಂಡು ಇನ್ನೂ ಅರ್ಧ ಎದ್ದಿದ್ದಳು ಅಷ್ಟೆ. ದೇವರಾಜ್ ಅವಳನ್ನು ಬಾಗಿಲ ಕಡೆ ಸರಿಸಿ, ಮುಚ್ಚಿಗೆ ಎತ್ತಿ, ಟವೆಲ್ಲನ್ನು ಕೈಗೆ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳದ ಮೇಲೆ ಕೈಯಿಟ್ಟ. ಎಂಜಿನ್ ಸದ್ದೂ ಹಾಡಿನ ಸದ್ದೂ ಇಲ್ಲದ ಆ ಹೊತ್ತಿನಲ್ಲಿ ಸೀಟಿನ ಮೇಲೆ ಬಿದ್ದಿದ್ದ ಫೋನ್ ಕೇಳಿಸಿತು. ಎತ್ತಿಕೊಂಡವಳು ಹಾಡುವವರ ಜೊತೆ ಬಂದು ಈಗ ಕೆಳಗೆ ನಿಂತಿದ್ದ ಅವನ ತಂಗಿ ಸೌಜನ್ಯ.

"ಮುಚ್ಚಳ ಮುಟ್ಟಬೇಡ ಅಂತ ಹೇಳು! ನಿಮ್ಮಮ್ಮನ್ನ ಕೆಳಗಿಳಿಸು! ಮೊದಲು ಅಮ್ಮನ್ನ ಇಳಿಸು!" ಸ್ಕೂಟರಿನ ಹಿಂದಿನಿಂದ ಚಲುವನಾರಾಯಣ ಕೂಗುತ್ತಿದ್ದ.

"ಅಣ್ಣಾ, ಮುಟ್ಬ್ಯಾಡ್ವಂತೆ! ಅವ್ವನ್ನ ಇಳುಸ್ಬೇಕಂತೆ!"

ದೇವರಾಜ್ ಕೈ ತೆಗೆದ. ತಾಯಿಯನ್ನು ತೋಳಿನಿಂದ ಬಳಸಿ ಎತ್ತಿ ಬಾಗಿಲಿನಿಂದ ಕೆಳಗೆ ಇಳಿಸುವಷ್ಟರಲ್ಲಿ ಹಿಂದೆ ಪೈಪು ಒಡೆಯಿತು. ಕುದಿಯುವ ನೀರೂ ಹಬೆಯೂ ಸೀಟಿನ ಎತ್ತರಕ್ಕೆ ಎದ್ದು ಮೇಲ್ಛಾವಣಿಗೆ ಬಡಿದವು. ಸುಬ್ಬಮ್ಮನಿಗೆ ಒಂದು ಹನಿಯೂ ತಾಗಲಿಲ್ಲ. ಅವಳನ್ನು ಬಳಸಿದ್ದ ದೇವರಾಜನ ಎಡ ಮುಂಗೈ ಮಾತ್ರ ಒಳಗೇ ಉಳಿದಿತ್ತು.

ಸ್ಕೂಟರ್ ಬಂದಾಗ ಹೆಂಗಸರು ಅವನ ಕೈಗೆ ಬಾಟಲಿಗಳಿಂದ ನೀರು ಹುಯ್ಯುತ್ತಿದ್ದರು. ಚಲುವನಾರಾಯಣ ಎಂಜಿನ್ನಿಗೆಂದು ತಂದಿದ್ದ ಕ್ಯಾನನ್ನು ಆ ಕೈಯ ಮೇಲೆ ಬಗ್ಗಿಸಿದ. ಚರ್ಮ ಕೆಂಪಗೆ ಉಬ್ಬಿತ್ತು.

"ನೀವೇ ಅಲ್ವಾ ಸಾ ಏಳಿದ್ದು, ನೋಡ್ಬ್ಯಾಡ ಅಂತವಾ?" ದೇವರಾಜ್ ಹಲ್ಲು ಕಚ್ಚಿಕೊಂಡು ಕೇಳಿದ.

"ಹೌದು ಕಣಪ್ಪ. ತಪ್ಪು ನಂದು."

"ಅವ್ವ ಅಲ್ಲೇ ಕೂತಿದ್ರೆ?"

ಚಲುವನಾರಾಯಣ ಕ್ಯಾನಿನಲ್ಲಿ ಉಳಿದಿದ್ದ ನೀರನ್ನೂ ಆ ಕೈಗೆ ಸುರಿದ. ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತಿದ್ದ ಸುಬ್ಬಮ್ಮ ವ್ಯಾನಿನೊಳಗೆ ಹಬೆಯಾಡುತ್ತಿದ್ದ ತನ್ನ ಕಂಬಳಿಯನ್ನೇ ನೋಡುತ್ತಿದ್ದಳು. ಅಯ್ನೋರ ಕಡೆ ತಿರುಗಲಿಲ್ಲ. ಕನಕಲಕ್ಷ್ಮಿ ದೇವರಾಜನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಅರಕಲಗೂಡಿನ ಆಸ್ಪತ್ರೆಗೆ ಹೊರಟಳು. ಹೆಂಗಸರು ಅದೇ ದಾರಿಯಲ್ಲಿ ಬಂದ ಗೂಡ್ಸ್ ಆಟೋ ಹತ್ತಿದರು. ಸುಬ್ಬಮ್ಮ ಮದುವೆಗೆ ಬರುವುದಿಲ್ಲ ಎಂದು ಹಟ ಹಿಡಿದು, ಮಗನ ಹಿಂದೆ ಆಸ್ಪತ್ರೆಗೇ ಬಸ್ಸು ಹತ್ತಿದಳು. ಚಲುವನಾರಾಯಣ ವ್ಯಾನಿನ ಹತ್ತಿರ ಒಬ್ಬನೇ ಉಳಿದ.

ಮಾರನೆಯ ದಿನ ವ್ಯಾನನ್ನು ಅರಕಲಗೂಡಿನ ಗ್ಯಾರೇಜಿಗೆ ಎಳೆಸಿದರು. ಅಲ್ಲಿನ ಮೆಕ್ಯಾನಿಕ್ ಅನಿಲ್‌ಕುಮಾರ್ ವಾಟರ್ ಪಂಪ್ ಬಿಚ್ಚಿ ಸವೆದುಹೋಗಿದ್ದ ಸೀಲನ್ನು ತೋರಿಸಿದ. ನೀರು ಸೋರುತ್ತಿದ್ದದ್ದು ಅಲ್ಲಿಂದ. ಚಲುವನಾರಾಯಣ ಅಷ್ಟಕ್ಕೇ ಬಿಡಲಿಲ್ಲ. ಎಂಜಿನ್ನಿನ ಬಿಸಿ ಅಳೆದು ಮೀಟರಿಗೆ ತಿಳಿಸುವ ಸೆನ್ಸರನ್ನು ಬಿಚ್ಚಿಸಿ, ಸ್ಟೌವಿನ ಮೇಲೆ ನೀರಿನ ಪಾತ್ರೆಯಿಟ್ಟು, ಅದರೊಳಗೆ ಸೆನ್ಸರನ್ನು ವೈರಿನ ಸಮೇತ ಇಳಿಬಿಟ್ಟ. ಇನ್ನೊಂದು ವೈರು ಎಳೆದು ಅದಕ್ಕೆ ಅರ್ತ್ ಕೊಟ್ಟ. ಕೈಗೆ ಪಟ್ಟಿ ಕಟ್ಟಿಸಿಕೊಂಡಿದ್ದ ದೇವರಾಜ್ ದೂರದಲ್ಲೇ ನಿಂತಿದ್ದವನು, ನೀರು ಕಾಯುತ್ತಾ ಬಂದ ಹಾಗೆ ಡ್ಯಾಶ್‌ಬೋರ್ಡಿನ ಹತ್ತಿರ ಬಂದ. ಮುಳ್ಳು ಮೆಲ್ಲಗೆ ಎದ್ದಿತು. ನೀರು ಕುದಿ ಬಂದಾಗ ಕೆಂಪು ಗೀಟಿನ ಮೇಲೆ ನಿಂತಿತು. ಪಾತ್ರೆ ಕೆಳಗಿಳಿಸಿದರೆ ಇಳಿಯಿತು.

"ಅಂಗಾರೆ ಅದು ನಿಜಾನೇ ಏಳ್ತಿತ್ತು."

"ಡಬ್ಬಿ ಸರಿಯಾದ ಮೇಲೆ ನಿಜಾನೇ ಹೇಳಿದ್ದು," ಅಂದ ಚಲುವನಾರಾಯಣ. "ಸುಳ್ಳು ಹೇಳಿದೋನು ನಾನು."

ದೇವರಾಜ್ ಹೊರಗೆ ಹೋದ. ಆಮೇಲೆ ಬಹಳ ದಿನ ಅವನು ಅಂಗಡಿಯ ಕಡೆ ಸುಳಿಯಲಿಲ್ಲ. ವ್ಯಾನು ಮುಂದೆಯೇ ಹಾದುಹೋದರೂ ನಿಲ್ಲುತ್ತಿರಲಿಲ್ಲ. ಸಂತೆಯ ದಿನ ಎದುರಿಗೆ ಸಿಕ್ಕಾಗ ಚಲುವನಾರಾಯಣನೇ ಕೈಯ ಗಾಯ ವಿಚಾರಿಸಿದ. "ಮಾಯ್ತಾ ಅದೆ," ಅಂದು ದೇವರಾಜ್ ಸರಿದುಹೋದ.

ಅಂಗಡಿಯಲ್ಲಿ ಕೆಲಸ ನಿಧಾನವಾಯಿತು. ಈಗ ಚಲುವನಾರಾಯಣ ಯಾವ ಮೀಟರು ಸರಿಮಾಡಿದರೂ ಗಿರಾಕಿಯ ಪಕ್ಕ ತಾನೂ ಕೂತು, ಹೇಮಾವತಿ ಸೇತುವೆ ದಾಟಿ ಬಹುದೂರ ಹೋಗಿ ಬರುವವರೆಗೆ ಗಾಡಿ ಒಪ್ಪಿಸುತ್ತಿರಲಿಲ್ಲ. ಅವಸರದವರು ಗೊಣಗಿದರು. ಕೆಲವರು ಹಾಸನಕ್ಕೇ ಹೋದರು. "ಬರೀ ಮೀಟರ್ ಮಾಡೋರಿಗೆ ರೇಡಿಯೇಟರ್ ಉಸಾಬರಿ ಯಾಕೆ?" ಎಂದು ಒಬ್ಬ ಟ್ರ್ಯಾಕ್ಟರಿನವನು ಕೇಳಿಯೂ ಬಿಟ್ಟ. "ಇಳೀರಿ, ನೋಡ್ಬೇಕು," ಅಂದ ಇವನು.

ಹಿಂಗಾರು ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ವ್ಯಾನು ಅಂಗಡಿಯ ಮುಂದೆ ನಿಂತಿತು. ಸ್ಪೀಡಿನ ಮುಳ್ಳು ಆಡುತ್ತಿಲ್ಲ ಅಂದ ದೇವರಾಜ್, ಇವನ ಮುಖ ನೋಡದೆ. ಕೇಬಲ್ ತುಂಡಾಗಿತ್ತು. ಹೊಸದನ್ನು ಹಾಕಿ, ಮುಚ್ಚಿಗೆ ಎತ್ತಿ ನೀರು ನೋಡಿ, ಬೆಲ್ಟ್ ಒತ್ತಿ ನೋಡಿ, ಚಲುವನಾರಾಯಣ ಪಕ್ಕದಲ್ಲಿ ಹತ್ತಿ ಕೂತ. ದೇವರಾಜ್ ಬೇಡ ಅನ್ನಲಿಲ್ಲ. ಸ್ಟೀರಿಂಗ್ ಮೇಲಿದ್ದ ಎಡ ಮುಂಗೈಯಲ್ಲಿ ಚರ್ಮ ಬೇರೆ ಬಣ್ಣಕ್ಕೆ ತಿರುಗಿತ್ತು. ಸೇತುವೆ ದಾಟಿದರು.

"ಅವ್ವುಂಗೆ ಮಂಡಿ ಆಪ್ರೇಸನ್ ಮಾಡುಸ್ಬೇಕು ಅಂತಾವ್ರೆ ಸಾ," ಅಂದ ದೇವರಾಜ್ ಕೊನೆಗೆ. "ಆಸನ್ದಲ್ಲಿ ಯಾವ್ ಡಾಕ್ಟ್ರು ವಾಸಿ? ನಿಮ್ಮಣ್ಣೋರು ಅಲ್ಲೇ ಅವ್ರಲ್ವಾ?"

"ಇದ್ದಾರೆ. ಇವತ್ತೇ ಕೇಳ್ತೀನಿ," ಅಂದ ಚಲುವನಾರಾಯಣ, ಮತ್ತು ಅಲ್ಲೇ ಫೋನ್ ತೆಗೆದ.