ಡಿಕ್ಕಿಯ ಅಕ್ಕಿ ಮೂಟೆಗಳು

ಮಾವನವರಿಗೆ ಒಂದು ಅಮೆರಿಕನ್ ಕಾರಿನ ವಂಶಾವಳಿ ಬಾಯಿಪಾಠವಾಗಿತ್ತು. ಮೊದಲು ಬಂದ ಮಾಡೆಲ್ಲಿಗೆ ಹಿಂಬದಿಯಲ್ಲಿ ಮೀನಿನ ರೆಕ್ಕೆ, ಆಮೇಲಿನದು ದೋಣಿಯಷ್ಟು ಉದ್ದ, ಪೆಟ್ರೋಲ್ ದುಬಾರಿಯಾದಾಗ ಮೈ ಇಳಿಸಿಕೊಂಡದ್ದು. ಮೈಸೂರಿನಿಂದ ಈ ಹಿಮದ ದೇಶಕ್ಕೆ ಡಾಕ್ಟರಾಗಿ ಬಂದವರು ಅದೇ ಹೆಸರಿನ ಎರಡು ಕಾರು ಸವೆಸಿದ್ದರು. ಅವರು ಹೇಳುವ ಕಾರಿನ ಕಥೆ ಆ ಎರಡನೆಯದಕ್ಕೆ ನಿಲ್ಲುತ್ತಿತ್ತು. ತೊಂಬತ್ತರ ದಶಕದ ನಡುವೆ, ನಿವೃತ್ತರಾದ ಮೇಲೆ, ಮೂರನೆಯದನ್ನು ಕೊಂಡರು. ನಾನು ಮದುವೆಯಾಗಿ ಸ್ಕಾರ್‌ಬರೋಗೆ ಬಂದ ಮೊದಲ ಚಳಿಗಾಲ ಅದು.

ಹಳೆಯ ಕಾರುಗಳನ್ನು ಓಡಿಸುತ್ತಿದ್ದದ್ದು ಹಿಂದಿನ ಚಕ್ರಗಳು. ಹಿಮದಲ್ಲಿ ಅವು ಜಾರದಂತೆ ಡಿಕ್ಕಿಯಲ್ಲಿ ಭಾರ ಇಡುವುದು ರೂಢಿ. ಬೇರೆಯವರು ಮರಳು ಇಟ್ಟರೆ ಮಾವ ಅಕ್ಕಿ ಮೂಟೆ ಇಡುತ್ತಿದ್ದರು. ಹಿಮ ಕರಗಿದ ಮೇಲೆ ಏಪ್ರಿಲ್‌ಗೆ ಮರಳಲ್ಲಿ ಅನ್ನ ಮಾಡೋಕಾಗುತ್ತಾ ಎಂದು ನಗುತ್ತಿದ್ದರು. ಹೊಸ ಕಾರಿಗೂ ಎರಡು ಮೂಟೆ ಹೇರಿದರು. ನಾನು ಮೆಕ್ಯಾನಿಕಲ್ ಓದಿದವಳು. ಕಾರಿನ ಜೊತೆ ಬಂದ ಪುಸ್ತಕ ತಿರುವಿದ್ದೆ. ಹೆಸರು ಹಳೆಯದೇ, ಆದರೆ ಈಗ ಎಳೆಯುವುದು ಮುಂದಿನ ಚಕ್ರಗಳು. ಹಿಂದೆ ಭಾರ ಹೆಚ್ಚಿದಷ್ಟೂ ಅವುಗಳ ಹಿಡಿತ ಕಡಿಮೆ. ಬಂದು ಎರಡು ತಿಂಗಳಾದ ಸೊಸೆ ಇದನ್ನು ಹೇಗೆ ಹೇಳುವುದೆಂದು ಸುಮ್ಮನಿದ್ದೆ.

ರೈಲು ಸೇತುವೆಯ ಕೆಳಗಿಂದ ಏರುವ ರಸ್ತೆ. ಒಂದು ದಿನ ಬೆಳಗಿನ ಹೊತ್ತು, ಡಾಂಬರಿನ ಮೇಲೆ ಗಾಜಿನಂಥ ಮಂಜುಗಡ್ಡೆ. ನಾನು ಮಾವನ ಪಕ್ಕದಲ್ಲಿ ಕುಳಿತಿದ್ದೆ. ಅರ್ಧ ಏರಿದಾಗ ಮುಂದಿನ ಚಕ್ರಗಳು ನಿಂತಲ್ಲೇ ಗಿರಗಿರ ತಿರುಗಿದವು. ಮಾವ ಆಕ್ಸಿಲರೇಟರ್ ಬಿಟ್ಟು ಬ್ರೇಕ್ ಒತ್ತಿ ಹಿಡಿದರು. ಆದರೂ ಕಾರು ಹಿಂದಕ್ಕೆ ಜಾರತೊಡಗಿತು. ಹಿಂದೆ ಸಿಟಿ ಬಸ್ಸು. ಪಕ್ಕದ ಕನ್ನಡಿಯ ತುಂಬ ಅದರ ಗಾಜು, ಗಾಜಿನೊಳಗೆ ಡ್ರೈವರ್ ಎತ್ತಿದ ಅಂಗೈ. ಇಂದಿಗೂ ಕಣ್ಣಿಗೆ ಮೊದಲು ಬರುವುದು ಆ ಅಂಗೈ. ಓರೆಯಾಗಿ ಫುಟ್‌ಪಾತಿನ ಅಂಚಿಗೆ ತಾಗಿ ನಿಂತೆವು. ಬಸ್ಸಿಗೂ ನಮಗೂ ನಡುವೆ ಒಬ್ಬರು ನಡೆದುಹೋಗುವಷ್ಟು ಜಾಗವಿತ್ತೋ ಇಲ್ಲವೋ, ಒಂದೊಂದು ಸಲ ಒಂದೊಂದು ಥರ ನೆನಪಾಗುತ್ತದೆ.

ಮಂಜುಗಡ್ಡೆ ಕರಗಿಸಲು ಉಪ್ಪು ಚೆಲ್ಲುವ ಲಾರಿ ಬಂದುಹೋದ ಮೇಲೆ ಮನೆ ಸೇರಿದೆವು. ಮಾವ ಕೋಟೂ ತೆಗೆಯದೆ ಬೇಸ್‌ಮೆಂಟಿಗಿಳಿದು ಮೂರನೆಯ ಮೂಟೆ ಹೊತ್ತು ತಂದರು.

"ಎರಡು ಸಾಲ್ಲಿಲ್ಲಮ್ಮ. ಡಿಕ್ಕಿ ತೆಗಿ."

ಸಂಜೆ ಅವರು ಅದೇ ಕಾರಿನಲ್ಲಿ ಅತ್ತೆಯನ್ನು ಕೂರಿಸಿಕೊಂಡು ಬ್ರ್ಯಾಂಪ್ಟನ್ ಊರಿಗೆ ಹೋಗುವವರಿದ್ದರು. ನಾನು ಡಿಕ್ಕಿಯ ಮೇಲೆ ಕೈಯಿಟ್ಟು ನಿಂತೆ.

"ಮಾವ, ಭಾರ ಹಿಂದೆ ಇರಬಾರ್ದು. ಈ ಮಾಡೆಲ್ಲು ಫ್ರಂಟ್ ವೀಲ್ ಡ್ರೈವು. ಬುಕ್ಕಲ್ಲಿ ಓದಿದ್ದೆ."

ಅವರು ಮೂಟೆ ಇಳಿಸಿದರು. "ಯಾವಾಗ ಓದಿದೆ?"

"ಕಾರು ಬಂದ ವಾರಾನೇ."

ಬಯ್ಯಲಿಲ್ಲ. ತಾವೇ ಡಿಕ್ಕಿ ತೆರೆದು, ಒಳಗಿದ್ದ ಮೂಟೆಯ ಒಂದು ತುದಿ ಹಿಡಿದು, ಇನ್ನೊಂದು ತುದಿಗೆ ನಾನು ಕೈ ಹಾಕುವುದನ್ನು ಕಾದರು. ನಾನು ಬಗ್ಗಿ ಹಿಡಿದೆ. ಅದನ್ನು ಎತ್ತಲು ಇಬ್ಬರೂ ಮೂರು ಸಲ ಪ್ರಯತ್ನಿಸಬೇಕಾಯಿತು.