ಮಚ್ಚಿಗೂ ಕುರ್ಚಿಗೂ ಒಂದೇ ಪದ

ಪಕ್ಕದ ಮನೆಯ ಅಕ್ಕ ನಮ್ಮ ಪಂಚಾಯ್ತಿ ಅಧ್ಯಕ್ಷೆ. ಆದರೆ ಕುರ್ಚಿಯಲ್ಲಿ ಕೂರುತ್ತಿದ್ದುದು ಅವರ ಗಂಡ. ಅಕ್ಕ ಮೀಟಿಂಗಿನುದ್ದಕ್ಕೂ ಬಾಗಿಲಲ್ಲಿ ನಿಂತು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವರು, ಬಿಚ್ಚುವರು, ಮತ್ತೆ ಸುತ್ತುವರು.

ಪರೀಕ್ಷೆಯಲ್ಲಿ ಬೀಳುವುದನ್ನೇ ಕಸುಬು ಮಾಡಿಕೊಂಡ ನಾನು ಜಗಲಿಯಲ್ಲಿ ಇಂಗ್ಲಿಷ್ ಉರು ಹೊಡೆಯುವಾಗ, ಬೇಲಿಯಾಚೆ ಅಕ್ಕ ಮಚ್ಚಿನಿಂದ ತೆಂಗಿನ ಗರಿ ಕಡಿಯುತ್ತಲೇ ಕೇಳುವರು: "ಹಂಗಂದ್ರೆ ಏನ್ಲಾ?" ಅವತ್ತಿನ ಪದ ವೀಲ್ಡ್.

"ವೀಲ್ಡ್ ಅಂದ್ರೆ ಯೂಸ್, ಹ್ಯಾಂಡಲ್, ಎಕ್ಸರ್‌ಸೈಜ್. ಮಚ್ಚು ಬೀಸೋಕೂ ಅಧಿಕಾರ ಚಲಾಯಿಸೋಕೂ ಅದೇ ಪದ ಕಣಕ್ಕ," ಅಂದೆ, ಬೇಲೂರಿನ ಕೋಚಿಂಗ್ ಮೇಷ್ಟ್ರ ಮೂಗುದನಿಯಲ್ಲಿ.

"ಎರಡಕ್ಕೂ ಒಂದೇನಾ?" ಮಚ್ಚು ನಿಂತಿತು.

ಮರುದಿನದ ಮೀಟಿಂಗಿನಲ್ಲಿ ಅಕ್ಕ ನೇರ ಕುರ್ಚಿಯ ಹತ್ತಿರ ಹೋದರು. "ಏಳ್ರೀ. ಮನೇಲಿ ಮಚ್ಚು ಐತೆ, ಹೋಗಿ ಅದನ್ನ ವೀಲ್ಡ್ ಮಾಡಿ."

ಭಾವ ಪಂಚೆ ಹಿಡಿದು ಎದ್ದದ್ದನ್ನು ನಾನು ಈಗಲೂ ಮಾಡಿ ತೋರಿಸುತ್ತೇನೆ, ಎಲ್ಲರೂ ನಗುತ್ತಾರೆ. ಅಕ್ಕ ಕೂತದ್ದು ಮಾತ್ರ, ಎಷ್ಟು ಸಲ ಮಾಡಿದರೂ ನನಗೆ ಬರಲ್ಲ.